ಹೂವಿನಲ್ಲಿ ಜೀವನ ಆಗ್ತದಾ?

"ಹೂವಿನ ಡೆಕೊರೇಷನ್ ಮಾಡಿ ಜೀವನ ಆಗ್ತದಾ ತಂಗಿ?"

ಆಗ್ತದೆ. ಶಿರಸಿಯಲ್ಲಿ ಅಂಗಡಿ ಬಾಡಿಗೆ ಕಟ್ಟುತ್ತೇನೆ, ಸ್ಕೂಟರಿನ ಕಂತು ತೀರಿಸಿದ್ದೇನೆ, ಎರಡು ಹೊತ್ತು ಉಣ್ಣುತ್ತೇನೆ. ಆದರೆ ಈ ಉತ್ತರ ಯಾರಿಗೂ ಸಾಕಾಗುವುದಿಲ್ಲ. "ಹಾಗಲ್ಲ, ಪೂರ್ತಿ ಇದನ್ನೇ ಮಾಡ್ತೀಯಾ?" ಅಂತ ಮತ್ತೆ ಶುರು. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಒಂದು ಬೇಸಿಗೆ ಕುಮಟಾದಲ್ಲಿ ಮದುವೆ. ರಾತ್ರಿಯಿಡೀ ಮಂಟಪ ಕಟ್ಟಿ, ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಹುಡುಗನ ಕಡೆಯ ಹಿರಿಯರು. ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಾ ಕೇಳಿದರು, "ಇದು ಹವ್ಯಾಸವಾ, ಹೊಟ್ಟೆಪಾಡಾ?" ಹೊಟ್ಟೆಪಾಡು ಅಂದೆ. ಅವರಿಗೆ ಕನಿಕರ ಬಂತು. "ಓದಿದ್ದು ಎಂತ?" ಬಿ.ಕಾಂ. ಅಂದೆ. ಕನಿಕರ ಜಾಸ್ತಿ ಆಯಿತು. "ಬ್ಯಾಂಕ್ ಪರೀಕ್ಷೆ ಬರೀಬಹುದಿತ್ತಲ್ಲ" ಅಂದರು.

ಹೋಳಿಗೆ ಮಾಡಿದ ಭಟ್ಟರು ಅಲ್ಲೇ ಎದುರಿಗೆ ನಿಂತಿದ್ದರು. ಅವರನ್ನು ಕೇಳಲಿಲ್ಲ. ವಾದ್ಯದವರನ್ನು ಕೇಳಲಿಲ್ಲ, ಫೋಟೋದವರನ್ನೂ ಕೇಳಲಿಲ್ಲ. ಹೂವು ಎಲ್ಲರ ಅಂಗಳದಲ್ಲೂ ಪುಕ್ಕಟೆ ಬಿಡುತ್ತದೆ ನೋಡಿ. ಅದಕ್ಕೆ ದುಡ್ಡು ಕೊಡಬೇಕು ಅಂದರೆ ಜನರಿಗೆ ಸಂಕಟ. "ನಮ್ಮನೆ ದಾಸವಾಳ, ಡೇರೆ ಎಲ್ಲ ಕೊಯ್ಕೊಂಡು ಹೋಗು, ರೇಟು ಕಮ್ಮಿ ಮಾಡು" ಅಂದ ನೆಂಟರಿದ್ದಾರೆ. ದಾಸವಾಳ ಸಂಜೆಯೊಳಗೆ ಮುದುಡುತ್ತದೆ, ಆರತಕ್ಷತೆ ರಾತ್ರಿ ಏಳಕ್ಕೆ. ಡೇರೆ, ಅಂದರೆ ಡೇಲಿಯಾ, ಬಿಡುವುದು ಮಳೆಗಾಲದಲ್ಲಿ, ಮದುವೆ ಬೇಸಿಗೆಯಲ್ಲಿ. ಇದನ್ನು ವಿವರಿಸಿದರೆ ನನಗೇ ಸೊಕ್ಕು.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಬೇಸಿಗೆಯಲ್ಲಿ ದುಡಿದದ್ದನ್ನು ಮಳೆಗಾಲದಲ್ಲಿ ಎಣಿಸಿ ಎಣಿಸಿ ಖರ್ಚು ಮಾಡಬೇಕು. ಗುಲಾಬಿ 20 ಕಡ್ಡಿಯ ಕಟ್ಟಿನಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರುತ್ತದೆ. ಫೆಬ್ರವರಿ 14ರ ಹಿಂದುಮುಂದು ಅದರ ರೇಟು ಏರುತ್ತದೆ. ನಾನು ಮದುವೆಮನೆಗೆ ರೇಟು ಹೇಳಿದ್ದು ದೀಪಾವಳಿಗೆ. ನಡುವಿನ ವ್ಯತ್ಯಾಸ ನನ್ನ ಜೇಬಿನಿಂದ.

ಅದೆಲ್ಲ ಇರಲಿ. "ಹೂವು ಬಾಡದ ಹಾಗೆ ಹೇಗೆ ಇಟ್ಟುಕೊಳ್ತೀ?" ಅಂತ ಒಬ್ಬರಾದರೂ ಕೇಳಬಾರದಾ? ಕೂರಿಸಿ, ಚಹಾ ಕೊಟ್ಟು ಹೇಳುತ್ತೇನೆ. ಕೊಯ್ದ ಹೂವನ್ನು ಮುಹೂರ್ತದ ತನಕ ಬದುಕಿಸುವುದೇ ನನ್ನ ಕೆಲಸ. ಮಂಟಪಕ್ಕೆ ಚುಚ್ಚುವುದು ಆಮೇಲಿನ ಮಾತು.

ಬಸ್ಸಿನಿಂದ ಇಳಿದ ಗುಲಾಬಿಯ ಕಡ್ಡಿಯ ತುದಿಯನ್ನು ನೀರೊಳಗೇ ಮತ್ತೆ ಕತ್ತರಿಸಬೇಕು. ಹೊರಗೆ ಕತ್ತರಿಸಿದರೆ ಕಡ್ಡಿ ಗಾಳಿ ಎಳೆದುಕೊಳ್ಳುತ್ತದೆ, ಆಮೇಲೆ ಬಕೆಟ್ ತುಂಬ ನೀರಿದ್ದರೂ ಸರಿಯಾಗಿ ಮೇಲೇರುವುದಿಲ್ಲ. ನೀರಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು. ಅವು ಕೊಳೆತರೆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕಡ್ಡಿ ಕಟ್ಟಿಕೊಳ್ಳುತ್ತದೆ. ಜರ್ಬೇರಾಕ್ಕೆ ನಾಲ್ಕು ಬೆರಳು ನೀರು ಸಾಕು, ಜಾಸ್ತಿ ಆದರೆ ಅದರ ದಂಟು ಮೆತ್ತಗಾಗುತ್ತದೆ. ಹೂವು ಚುಚ್ಚಿ ನಿಲ್ಲಿಸುವ, ನೀರು ಹೀರುವ ಹಸಿರು ಫೋಮನ್ನು ಕೈಯಿಂದ ಒತ್ತಿ ಮುಳುಗಿಸಬಾರದು, ತಾನಾಗಿ ಮುಳುಗಬೇಕು. ಒತ್ತಿದರೆ ಒಳಗೆ ಗಾಳಿ ಉಳಿದು ಅಲ್ಲಿ ಚುಚ್ಚಿದ ಹೂವು ಒಣಗುತ್ತದೆ. ಈ ಫೋಮು 1954ರಲ್ಲಿ ಅಮೆರಿಕದಲ್ಲಿ ಬಂದದ್ದು. ಪ್ಲಾಸ್ಟಿಕ್ಕೇ, ಕೊಳೆಯುವುದಿಲ್ಲ. ಹಾಗಾಗಿ ಆದಷ್ಟು ಕೋಳಿಗೂಡಿನ ತಂತಿಬಲೆಯಲ್ಲೇ ಮುಗಿಸುತ್ತೇನೆ.

ಇನ್ನು ಘಟ್ಟ. ಶಿರಸಿಯ ರಾತ್ರಿ ತಂಪು. ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿದರೆ ಸೆಕೆ. ಮುಚ್ಚಿದ ಡಬ್ಬದಲ್ಲಿ ಗುಲಾಬಿ ಬೆವರಿ, ಪಕಳೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಡಬ್ಬದ ಬಾಯಿ ತೆರೆದಿಟ್ಟೇ ಇಳಿಯುತ್ತೇನೆ. ಭಟ್ಕಳ ಮಲ್ಲಿಗೆಗೆ ಈ ರಗಳೆ ಇಲ್ಲ, ಬಾಳೆ ಎಲೆಯಲ್ಲಿ ಸುತ್ತಿಟ್ಟರೆ ಸಾಕು.

ಆದರೆ ಬಾಳೆಗೊನೆ ಬೇರೆ ಕಥೆ. ಮದುವೆಮನೆಯಲ್ಲಿ ಉಗ್ರಾಣವೇ ತಂಪು ಜಾಗ, "ಹೂವು ಅಲ್ಲೇ ಇಡು" ಅನ್ನುತ್ತಾರೆ. ಅಲ್ಲಿ ಗೊನೆಗಳು ಹಣ್ಣಾಗುತ್ತಾ ಇರುತ್ತವೆ. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ. ಅದು ತಾಗಿದರೆ ಕಾರ್ನೇಷನ್ ಪಕಳೆ ಒಳಮುಖವಾಗಿ ಮಡಚುತ್ತದೆ, ಆರ್ಕಿಡ್ ಸೋತುಹೋಗುತ್ತದೆ. ಗೊನೆ ಹೊರಗಿಡಿ ಅಂದರೆ ಮಳ್ಳು ಹಿಡಿದವಳನ್ನು ನೋಡಿದ ಹಾಗೆ ನೋಡುತ್ತಾರೆ. ನಾನು ಮಾತಾಡದೆ ಗೊನೆಯನ್ನು ಎತ್ತಿ ಜಗಲಿಗೆ ಇಡುತ್ತೇನೆ.

"ಮಗಳಿಗೂ ಆಸಕ್ತಿ ಉಂಟು, ಯಾವ ಕೋರ್ಸ್ ಮಾಡಬೇಕು?" ಅನ್ನುವವರಿಗೆ: ಶಿರಸಿಯಲ್ಲೇ ತೋಟಗಾರಿಕೆ ಕಾಲೇಜು ಇದೆ. ಹೂ ಬೆಳೆಯಬೇಕು ಅಂದರೆ ಅಲ್ಲಿಗೆ ಕಳಿಸಿ. ಅಲಂಕಾರವೇ ಬೇಕು ಅಂದರೆ ಒಂದು ಮದುವೆ ಸೀಸನ್ ಯಾರದಾದರೂ ಕೈಕೆಳಗೆ ಬಕೆಟ್ ತೊಳೆಯಲಿ. ಸೋಪು ಹಾಕಿ, ಪ್ರತಿ ಸಲ. ಅದು ಬೇಜಾರು ಬಂದರೆ ಬ್ಯಾಂಕ್ ಪರೀಕ್ಷೆ ಇದ್ದೇ ಇದೆಯಲ್ಲ.

ಮದುವೆ ಬುಕ್ ಮಾಡುವವರು ಅರ್ಧ ಹಣ ಮುಂಗಡ ಕೊಡಬೇಕು. ನೆಂಟರಾದರೆ ಪೂರ್ತಿ.