ಕೆರೆ ಸುತ್ತಿದರೆ ಸರಾಸರಿ ಏರು ಸೊನ್ನೆ: ರಾಕಿ ಮೌಂಟನ್ ಹಾದಿ-ಹಾಳೆಗಳ ಕೆಲಸ ಎಲ್ಲಿಗೆ ಬಂತು

ಕೊಲೊರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ನಾಲ್ಕು ಗಿಡ್ಡ ಹಾದಿಗಳಿಗೆ ಕನ್ನಡದಲ್ಲಿ ಒಂದೊಂದು ಪುಟದ ಹಾಳೆ ಮಾಡುವುದು, ಅದೇ ವಿವರಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಜಾಲ-ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸುವುದು. ಯೋಜನೆ ಇಷ್ಟೇ. ಊರಿಂದ ಬಂದ ಅಪ್ಪ-ಅಮ್ಮ, ಮಂಡಿ ಆಪರೇಷನ್ ಆದವರು, ವಾಕರ್ ಹಿಡಿದವರು, ವೀಲ್‌ಚೇರ್‌ನಲ್ಲಿ ಕೂತವರು ಹೊರಡುವ ಮೊದಲೇ ಓದಿ ತೀರ್ಮಾನ ಮಾಡಬೇಕು ಎಂಬುದು ಗುರಿ. ಸ್ಪ್ರೇಗ್ ಲೇಕ್ ಮತ್ತು ಲಿಲಿ ಲೇಕ್ ಹಾಳೆಗಳು ಮುಗಿದಿವೆ. ಬೇರ್ ಲೇಕ್ ಮತ್ತೊಮ್ಮೆ ಅಳೆಯಬೇಕು, ಕಾರಣ ಕೆಳಗಿದೆ. ಪಶ್ಚಿಮದ ಕಡೆಯ ಕಯೋಟಿ ವ್ಯಾಲಿ ಇನ್ನೂ ಮುಟ್ಟಿಲ್ಲ.

ಮೊದಲ ಕರಡಿನಲ್ಲಿ ಪ್ರತಿ ಹಾದಿಗೂ ‘ಸುಲಭ’, ‘ಮಧ್ಯಮ’, ‘ಕಷ್ಟ’ ಎಂಬ ಗುರುತು ಇತ್ತು. ಅದನ್ನು ಪೂರ್ತಿ ಕಿತ್ತು ಹಾಕಿದ್ದಾಗಿದೆ. ಯಾರಿಗೆ ಸುಲಭ ಎಂದು ಕೇಳಿದರೆ ಆ ಪದದ ಹತ್ತಿರ ಉತ್ತರವಿಲ್ಲ. ನಮ್ಮ ನಾಲ್ಕರಲ್ಲಿ ಸೇರದಿದ್ದರೂ, ಇದೇ ಉದ್ಯಾನದ ಎತ್ತರದ ಟ್ರೇಲ್ ರಿಡ್ಜ್ ರಸ್ತೆಯ ಪಕ್ಕದ ಟಂಡ್ರಾ ಕಮ್ಯುನಿಟೀಸ್ ಹಾದಿಯನ್ನೇ ನೋಡಿ. ಉದ್ದ ಒಂದು ಕಡೆಗೆ ಕಿಲೋಮೀಟರ್ ಕೂಡ ಇಲ್ಲ, ನೆಲ ಪೂರ್ತಿ ಗಟ್ಟಿ ಹಾಸು. ಕಾಗದದ ಮೇಲೆ ಸುಲಭವೋ ಸುಲಭ. ಆದರೆ ಅದು ಇರುವುದು 12,000 ಅಡಿ ಎತ್ತರದಲ್ಲಿ, ಶುರುವಿನಲ್ಲೇ ಕಡಿದಾದ ಏರು ಬೇರೆ. ಜೋರಾದ ಗಾಳಿಗೆ ಮರೆಯಾಗಲು ಒಂದು ಮರವೂ ಇಲ್ಲ. ಹಾಸು ಇದ್ದ ಮಾತ್ರಕ್ಕೆ ಗಾಲಿ ಉರುಳುತ್ತದೆ ಎಂದಾಗುವುದಿಲ್ಲ. ‘ಸಮತಟ್ಟು’ ಎಂಬ ಪದವನ್ನೂ ಕೈಬಿಟ್ಟೆವು. ನಡೆಯುವವರ ಕಣ್ಣಿಗೆ ಸಮತಟ್ಟಾಗಿ ಕಾಣುವುದು ವೀಲ್‌ಚೇರ್ ತಳ್ಳುವವರ ತೋಳಿಗೆ ಹಾಗೆ ತೋರುವುದಿಲ್ಲ. ಅವುಗಳ ಜಾಗಕ್ಕೆ ಬಂದದ್ದು ಅಂಕಿಗಳು.

ಅಂಕಿಗಳಿಗೆ ಆಧಾರ ಅಮೆರಿಕದ ಕೇಂದ್ರ ಸರ್ಕಾರದ ಜಾಗಗಳಿಗಾಗಿ 2013ರಲ್ಲಿ ಬಂದ ಹೊರಾಂಗಣ ಪ್ರವೇಶಾನುಕೂಲ ನಿಯಮಗಳು. ಅದರ ಒಳ್ಳೆಯ ಗುಣ ಏನೆಂದರೆ ಏರು ಎಷ್ಟು ಎಂಬುದರ ಜೊತೆಗೆ ಆ ಏರು ಎಷ್ಟು ದೂರ ಇರಬಹುದು ಎಂಬುದನ್ನೂ ಹೇಳುತ್ತದೆ. 20ಕ್ಕೆ 1ರ ಏರು, ಅಂದರೆ 20 ಅಡಿ ಮುಂದೆ ಹೋದಾಗ 1 ಅಡಿ ಮೇಲಕ್ಕೆ, ಎಷ್ಟು ದೂರವಾದರೂ ಇರಬಹುದು. 12ಕ್ಕೆ 1ರವರೆಗಿನದು ಒಂದೇ ಉಸಿರಿಗೆ 200 ಅಡಿ ಮೀರಬಾರದು. 10ಕ್ಕೆ 1ರವರೆಗೆ 30 ಅಡಿ, 8ಕ್ಕೆ 1ರವರೆಗೆ 10 ಅಡಿ, ಅದಕ್ಕಿಂತ ಕಡಿದಾದದ್ದು ಇರುವಂತೆಯೇ ಇಲ್ಲ. ಇಂಥ ಪ್ರತಿ ತುಂಡಿನ ಎರಡು ತುದಿಗೂ ದಣಿವಾರಿಸಿಕೊಳ್ಳಲು ಕನಿಷ್ಠ 5 ಅಡಿ ಉದ್ದದ ಜಾಗ ಬೇಕು. 12ಕ್ಕೆ 1ಕ್ಕಿಂತ ಕಡಿದಾದ ತುಂಡುಗಳೆಲ್ಲ ಸೇರಿ ಹಾದಿಯ ಒಟ್ಟು ಉದ್ದದ ಶೇ. 30 ದಾಟಬಾರದು. ಅಗಲ ಕನಿಷ್ಠ 36 ಅಂಗುಲ. 5 ಅಡಿಗಿಂತ ಕಿರಿದಾದ ಹಾದಿಯಲ್ಲಿ ಪ್ರತಿ 1,000 ಅಡಿಗೊಮ್ಮೆ ಇಬ್ಬರು ದಾಟಿಕೊಳ್ಳುವಷ್ಟು, ಅಂದರೆ 5 ಅಡಿಗೆ 5 ಅಡಿ ಜಾಗ ಇರಬೇಕು.

ಇದನ್ನು ಶೇಕಡಾದಲ್ಲಿ ಬರೆದರೆ ಓದಿದವರು ತಲೆಯಾಡಿಸುತ್ತಾರೆ, ಅರ್ಥ ಮಾತ್ರ ಆಗಿರುವುದಿಲ್ಲ. ಹಾಳೆಯಲ್ಲಿ ಈಗ ಅಂಗುಲದ ಲೆಕ್ಕ ಇದೆ. ಎರಡು ಅಡಿ ಉದ್ದಕ್ಕೆ ಎರಡು ಅಂಗುಲ ಏರಿದರೆ ಅದೇ 12ಕ್ಕೆ 1. ಎರಡು ಅಡಿಗೆ ಒಂದೂಕಾಲು ಅಂಗುಲಕ್ಕಿಂತ ಚೂರು ಕಡಿಮೆ ಎಂದರೆ 20ಕ್ಕೆ 1. ಮೂರು ಅಂಗುಲ ಬಂತೋ, 8ಕ್ಕೆ 1, ಅಲ್ಲಿಗೆ ಮಿತಿ ಮುಗಿಯಿತು. ಹಾದಿಯ ಅಡ್ಡಕ್ಕೆ ಇರುವ ಇಳಿಜಾರಿಗೆ ಪದ ಹುಡುಕಲು ಎರಡು ವಾರ ಹೋಯಿತು. ‘ಪಾರ್ಶ್ವ ಪ್ರವಣತೆ’ ಎಂಬ ಭೂತ ಒಂದು ಕರಡಿನಲ್ಲಿ ಇಣುಕಿ ಹೋಯಿತು. ಕೊನೆಗೆ ಸಿಕ್ಕದ್ದು ಗಾರೆ ಮೇಸ್ತ್ರಿಗಳ ಮಾತು: ವಾಟ. ಬಚ್ಚಲಿಗೆ, ತಾರಸಿಗೆ ನೀರು ಹೋಗಲು ವಾಟ ಕೊಡುವುದು ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ‘ಅಡ್ಡ ವಾಟ’ ಎಂದರೆ ವಿವರಣೆಯೇ ಬೇಕಾಗುವುದಿಲ್ಲ. ಹಲಗೆ ಅಥವಾ ಗಟ್ಟಿ ಹಾಸಿನ ಮೇಲೆ ಅಡ್ಡ ವಾಟ 48ಕ್ಕೆ 1 ಮೀರಬಾರದು, ಮಣ್ಣು-ಜಲ್ಲಿಯಲ್ಲಿ 20ಕ್ಕೆ 1. ಏರಿಗಿಂತ ಇದು ಹೆಚ್ಚು ಕಾಡುತ್ತದೆ. ವೀಲ್‌ಚೇರಿನ ಮೂತಿ ಸದಾ ತಗ್ಗಿನ ಕಡೆಗೇ ತಿರುಗುತ್ತದೆ, ತಳ್ಳುವವರು ಉದ್ದಕ್ಕೂ ಒಂದೇ ಕೈಯಲ್ಲಿ ಎಳೆದು ಹಿಡಿಯಬೇಕಾಗುತ್ತದೆ.

ಅಳತೆಯ ಸಾಮಾನು ದುಬಾರಿಯದೇನಲ್ಲ. 24 ಅಂಗುಲದ ರಸಮಟ್ಟ, ಉಕ್ಕಿನ ಅಳತೆಪಟ್ಟಿ, ಗಾಲಿಯಿರುವ ದೂರಮಾಪಕ, 30 ಮೀಟರ್ ಟೇಪು, ಬರೆಯಲು ಪೆನ್ಸಿಲ್ಲು (ಚಳಿಗೆ ಬಾಲ್‌ಪೆನ್ನು ಕೈಕೊಡುತ್ತದೆ). ರಸಮಟ್ಟದ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಗುಳ್ಳೆ ನಡುವಿಗೆ ಬರುವವರೆಗೆ ಇನ್ನೊಂದು ತುದಿ ಎತ್ತಿ, ಅದರಡಿಯ ಸಂದನ್ನು ಅಂಗುಲದಲ್ಲಿ ಓದಿದರೆ ಆಯಿತು. ಡಿಜಿಟಲ್ ಮಟ್ಟ ಬಳಸುವುದಾದರೆ ಪ್ರತಿ ಬೆಳಿಗ್ಗೆ ಒಂದೇ ಜಾಗದಲ್ಲಿ ಒಮ್ಮೆ ಹೀಗೆ, ಒಮ್ಮೆ ತಿರುಗಿಸಿ ಇಟ್ಟು ಓದಬೇಕು. ಎರಡು ಓದು ಬೇರೆಯಾದರೆ ವ್ಯತ್ಯಾಸದ ಅರ್ಧವೇ ಉಪಕರಣದ ದೋಷ. ಫೋನನ್ನು ನೇರವಾಗಿ ನೆಲದ ಮೇಲಿಟ್ಟು ಅಳೆದವುಗಳನ್ನೆಲ್ಲ ಬಿಸಾಡಬೇಕಾಯಿತು. ಹಿಂಬದಿಯ ಕ್ಯಾಮೆರಾದ ಉಬ್ಬೇ ಸುಳ್ಳು ಹೇಳುತ್ತದೆ, ಮೇಲಾಗಿ ಫೋನಿನ ಉದ್ದಕ್ಕೆ ಒಂದು ಕಲ್ಲು ಸಿಕ್ಕರೂ ಲೆಕ್ಕ ತಪ್ಪುತ್ತದೆ. ಎರಡು ಅಡಿಯ ನೇರ ಪಟ್ಟಿಯ ಮೇಲಿಟ್ಟರೆ ಪರವಾಗಿಲ್ಲ.

ಎಲ್ಲಿ ಅಳೆಯಬೇಕು ಎಂಬುದರಲ್ಲಿ ದೊಡ್ಡ ತಪ್ಪಾಗಿತ್ತು. ಮೊದಲ ಸುತ್ತಿನಲ್ಲಿ ಪ್ರತಿ 10 ಮೀಟರಿಗೊಂದು ಅಳತೆ ಎಂದು ಗೆರೆ ಹಾಕಿಕೊಂಡಿದ್ದು. 10 ಅಡಿಯ ಕಡಿದಾದ ತುಂಡು ಎರಡು ಗುರುತಿನ ನಡುವೆ ಆರಾಮವಾಗಿ ಅಡಗಿ ಕೂರುತ್ತದೆ, ಮತ್ತು ವೀಲ್‌ಚೇರ್ ನಿಲ್ಲುವುದು ಅಲ್ಲೇ. ಈಗಿನ ಕ್ರಮ: ಏರು, ಅಡ್ಡ ವಾಟ, ಅಗಲ, ನೆಲ ಈ ನಾಲ್ಕರಲ್ಲಿ ಯಾವುದು ಬದಲಾದರೂ ಅಲ್ಲಿ ಹೊಸ ಸಾಲು. ಒಬ್ಬರು ಮಟ್ಟ ಹಿಡಿಯುತ್ತಾರೆ, ಇನ್ನೊಬ್ಬರು ಓದನ್ನು ಗಟ್ಟಿಯಾಗಿ ಮರುಹೇಳಿ ಬರೆಯುತ್ತಾರೆ. ದೂರಮಾಪಕವನ್ನು ಹಾದಿಯ ನಡುಗೆರೆಯಲ್ಲೇ ಉರುಳಿಸಬೇಕು. ಜನರನ್ನು ತಪ್ಪಿಸುತ್ತ ಅತ್ತಿತ್ತ ಹೋದರೆ ಉದ್ದ ಹೆಚ್ಚು ತೋರಿಸುತ್ತದೆ, ಸಡಿಲ ಜಲ್ಲಿಯಲ್ಲಿ ಗಾಲಿ ಜಾರಿದರೆ ಕಡಿಮೆ. ಬೇರ್ ಲೇಕ್ ಮತ್ತೆ ಅಳೆಯಬೇಕಾಗಿರುವುದು ಈ 10 ಮೀಟರ್ ಗೆರೆಯ ದೆಸೆಯಿಂದ.

ಜಿಪಿಎಸ್ ಎತ್ತರದಿಂದ ಏರು ಲೆಕ್ಕ ಹಾಕುವುದಂತೂ ಬೇಡವೇ ಬೇಡ. ಅದರ ಎತ್ತರದ ದೋಷವೇ ಹಲವು ಮೀಟರ್ ಇರುತ್ತದೆ, ಇಲ್ಲಿ ನಮ್ಮ ಜಗಳ ಅಂಗುಲದ್ದು. ‘ಸರಾಸರಿ ಏರು’ ಎಂದು ಆ್ಯಪ್‌ಗಳು ತೋರಿಸುವ ಸಂಖ್ಯೆಯೂ ಅಷ್ಟೇ. ಕೆರೆ ಸುತ್ತಿ ಹೊರಟ ಜಾಗಕ್ಕೇ ಬಂದರೆ ಏರಿದ್ದೂ ಇಳಿದದ್ದೂ ಸಮ, ಎಂಥ ಗುಡ್ಡಗಾಡು ಸುತ್ತಿಗೂ ಸರಾಸರಿ ಸೊನ್ನೆಯೇ.

ಮುಗಿದ ಎರಡರಲ್ಲಿ ಸ್ಪ್ರೇಗ್ ಲೇಕ್ ಮೊದಲು ಹೇಳಬೇಕಾದದ್ದು. ಅಬ್ನರ್ ಸ್ಪ್ರೇಗ್ ಎಂಬವರು ತಮ್ಮ ವಸತಿಗೃಹದ ಅತಿಥಿಗಳು ಮೀನು ಹಿಡಿಯಲೆಂದು ಒಡ್ಡು ಕಟ್ಟಿಸಿ ಮಾಡಿದ ಕೆರೆ ಇದು. ಕಣಿವೆಯ ಚಪ್ಪಟೆ ತಳದಲ್ಲಿ ನೀರು ನಿಲ್ಲಿಸಿದ್ದರಿಂದ ದಡವೂ ಚಪ್ಪಟೆ. ಸುತ್ತು ಸುಮಾರು 1.3 ಕಿ.ಮೀ., ದಮ್ಮಸು ಮಾಡಿದ ಸಣ್ಣ ಜಲ್ಲಿ, ಜೌಗು ಇರುವ ಕಡೆ ಹಲಗೆ ಹಾದಿ. ವೀಲ್‌ಚೇರ್ ಬಳಸುವವರೂ ರಾತ್ರಿ ತಂಗುವಂತೆ ಸಿದ್ಧಪಡಿಸಿದ ಒಂದು ಬಿಡಾರದ ಜಾಗವೂ ಈ ಕೆರೆಯ ಬಳಿಯೇ ಇದೆ. ಅದಕ್ಕೆ ಪರವಾನಗಿ ಬೇರೆ ತೆಗೆದುಕೊಳ್ಳಬೇಕು. ಬೇರ್ ಲೇಕ್ ಇದಕ್ಕೆ ತದ್ವಿರುದ್ಧ. ಹಿಮನದಿ ಬಿಟ್ಟುಹೋದ ಕಲ್ಲುಗುಡ್ಡೆಯ ಹಿಂದೆ ನಿಂತ ನೀರು ಅದು. ದಡ ಎಂದರೆ ಬಂಡೆ, ಬೇರು, ಏರಿಳಿತ. ನಿಲುಗಡೆಯಿಂದ ಕೆರೆಯ ಮೊದಲ ನೋಟದವರೆಗೆ ಹೋಗಬಹುದು, ಪೂರ್ತಿ ಸುತ್ತು ಕೈಯಲ್ಲಿ ತಳ್ಳುವ ಕುರ್ಚಿಗೆ ಹೇಳಿದ್ದಲ್ಲ. ಹಾಳೆಯಲ್ಲಿ ಇದನ್ನು ‘ಭಾಗಶಃ’ ಎಂದು ಬರೆಯುವ ಬದಲು ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಫೋಟೋ ಸಮೇತ ಹಾಕಲಾಗುತ್ತದೆ. ಲಿಲಿ ಲೇಕ್ ಸ್ಪ್ರೇಗ್‌ನಷ್ಟೇ ಉದ್ದ, ನೆಲವೂ ಅಂಥದ್ದೇ.

ಗಾಲಿ ಸಿಕ್ಕಿಹಾಕಿಕೊಳ್ಳುವ ಜಾಗ ಯಾವುದು ಎಂದು ಕೇಳಿದರೆ ಬಹುಪಾಲು ಒಂದೇ ಉತ್ತರ: ಜಲ್ಲಿ ಮುಗಿದು ಹಲಗೆ ಶುರುವಾಗುವ ಅಂಚು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಹಿಮ ಕರಗುವಾಗ ಹರಿವ ನೀರು ಅಂಚಿನ ಜಲ್ಲಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಹಲಗೆ ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ಲೊಂದು ಪುಟ್ಟ ಮೆಟ್ಟಿಲು ಹುಟ್ಟುತ್ತದೆ. ಮಣ್ಣು-ಜಲ್ಲಿಯ ಮೇಲೆ 2 ಅಂಗುಲದ ಉಬ್ಬನ್ನು ನಿಯಮ ಒಪ್ಪಿದರೂ ಹಲಗೆಯ ಮೇಲೆ ಅರ್ಧ ಅಂಗುಲ ಮಾತ್ರ. ಹಲಗೆಗಳ ನಡುವಿನ ಸಂದಿಗೂ ಅದೇ ಅರ್ಧ ಅಂಗುಲ. ಸಂದಿ ಸಾಗುವ ದಿಕ್ಕಿಗೆ ಸಮಾನಾಂತರವಾಗಿದ್ದರೆ ಮುಂದಿನ ಪುಟ್ಟ ಗಾಲಿ ಅದರೊಳಗೆ ಇಳಿದು ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಇಂಥ ಅಂಚು ದಾಟಲು ಹಿಂದಿನ ಕೊಳವೆಯನ್ನು ಕಾಲಿನಿಂದ ಒತ್ತಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮುಂದಿನ ಗಾಲಿಗಳನ್ನು ಹಲಗೆಯ ಮೇಲಿಟ್ಟು, ಆಮೇಲೆ ಹಿಂದಿನದನ್ನು ತಳ್ಳಬೇಕು. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ, ತಳ್ಳುವವರು ತಗ್ಗಿನ ಕಡೆ ಇರಲಿ.

ಎಂಥ ಕುರ್ಚಿ ಎಂಬುದೂ ಹಾಳೆಗೆ ಸೇರಿತು. ಕಾರಿನ ಡಿಕ್ಕಿಯಲ್ಲಿ ಮಡಚಿಡುವ, ನಾಲ್ಕೂ ಗಾಲಿ ಚಿಕ್ಕದಿರುವ ಹಗುರ ಕುರ್ಚಿ ವಿಮಾನ ನಿಲ್ದಾಣಕ್ಕೆ ಸರಿ. ಜಲ್ಲಿಯಲ್ಲಿ ಅದು ಹೂತುಕೊಳ್ಳುತ್ತದೆ. ಹಿಂದೆ 24 ಅಂಗುಲದ, ಗಾಳಿ ತುಂಬಿದ ಟೈರಿನ ಗಾಲಿ ಇರುವುದನ್ನೇ ತನ್ನಿ. ಬಲದ ಲೆಕ್ಕ ಸರಳ: ಮನುಷ್ಯರೂ ಕುರ್ಚಿಯೂ ಸೇರಿ 100 ಕೆ.ಜಿ. ಎಂದರೆ 20ಕ್ಕೆ 1ರ ಏರಿನಲ್ಲಿ 5 ಕೆ.ಜಿ. ಭಾರ ಎತ್ತುವಷ್ಟು ಒತ್ತು ಬೇಕು, 12ಕ್ಕೆ 1ರಲ್ಲಿ 8 ಕೆ.ಜಿ.ಗೂ ಮೇಲೆ. ಜಲ್ಲಿಯ ತಡೆ ಇದರ ಮೇಲೆ ಬೇರೆ. ಅದೂ ಸತತವಾಗಿ 200 ಅಡಿ, ಎತ್ತರದ ತೆಳು ಗಾಳಿಯಲ್ಲಿ.

ಆ ಗಾಳಿಯ ವಿಷಯ ಊರಿಂದ ಬಂದವರಿಗೆ ಒತ್ತಿ ಹೇಳಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಸ್ಪ್ರೇಗ್ ಕೆರೆಯ ನೀರಿನ ಮಟ್ಟವೇ 8,690 ಅಡಿ, ಸುಮಾರು 2,650 ಮೀಟರ್. ಅಂದರೆ ಊಟಿಯ ದೊಡ್ಡಬೆಟ್ಟದ ತುದಿಯಷ್ಟು. ಬೇರ್ ಲೇಕ್ 9,475 ಅಡಿಯಲ್ಲಿದೆ, ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ. 70. ಟ್ರೇಲ್ ರಿಡ್ಜ್ ರಸ್ತೆಯ ತುತ್ತತುದಿ 12,183 ಅಡಿ, ಕಾರಿನಲ್ಲಿ ಕೂತೇ ತಲೆ ತಿರುಗಬಹುದು. ಡೆನ್ವರ್‌ನಲ್ಲಿ ಇಳಿದ ಮರುದಿನವೇ ಮೇಲಕ್ಕೆ ಕರೆದೊಯ್ಯಬೇಡಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು-ಸಿಡಿಲು ಮಾಮೂಲು, ಬಯಲು ಎತ್ತರಗಳಿಂದ ಮಧ್ಯಾಹ್ನದೊಳಗೆ ಇಳಿದಿರಬೇಕು.

ಟಿಕೆಟ್ಟಿನ ಸಾಲುಗಳನ್ನು ಎರಡು ಸಲ ತಿದ್ದಿದ್ದಾಯಿತು. 2025ರ ಬೇಸಿಗೆಯಲ್ಲಿ ಬೇರ್ ಲೇಕ್ ರಸ್ತೆಗೆ, ಅಂದರೆ ಸ್ಪ್ರೇಗ್‌ಗೂ, ಬೆಳಿಗ್ಗೆ 5ರಿಂದ ಸಂಜೆ 6ರವರೆಗೆ ಹೊತ್ತು ನಮೂದಿಸಿದ ಪ್ರವೇಶ ಪರವಾನಗಿ ಬೇಕಿತ್ತು. ಅಂಗವಿಕಲರ ಪಾರ್ಕಿಂಗ್ ಫಲಕ ಇದ್ದರೂ ಅದರಿಂದ ವಿನಾಯಿತಿ ಇರಲಿಲ್ಲ. ಶಾಶ್ವತ ಅಂಗವೈಕಲ್ಯ ಇರುವವರಿಗೆ ಸಿಗುವ ಆಜೀವ ಆಕ್ಸೆಸ್ ಪಾಸ್ (ಉದ್ಯಾನಗಳಿಗೆ ಉಚಿತ ಪ್ರವೇಶದ ಚೀಟಿ) ಅಮೆರಿಕದ ಪ್ರಜೆಗಳಿಗೂ ಖಾಯಂ ನಿವಾಸಿಗಳಿಗೂ ಮಾತ್ರ, ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗೆ ಅನ್ವಯಿಸದು. 2026ರಿಂದ ಈ ಉದ್ಯಾನವೂ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, ವಾರ್ಷಿಕ ಪಾಸ್ ಇಲ್ಲದ, 16 ತುಂಬಿದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ನಿಯಮ ವರ್ಷವರ್ಷ ಬದಲಾಗುವುದರಿಂದ ಈ ಭಾಗವನ್ನು ಹಾಳೆಯಿಂದ ಬೇರ್ಪಡಿಸಿ ಪ್ರತ್ಯೇಕ ಚೀಟಿ ಮಾಡಲಾಗಿದೆ.

ನಕ್ಷೆಯ ಕಡೆ ಒಂದು ಎಚ್ಚರಿಕೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಏರಿನ ಚಿಹ್ನೆ, ಅಂದರೆ ಪ್ಲಸ್ಸೋ ಮೈನಸ್ಸೋ ಎಂಬುದು, ಗೆರೆ ಎಳೆದ ದಿಕ್ಕಿಗೆ ತಕ್ಕಂತೆ. ಯಾರಾದರೂ ಗೆರೆಯ ದಿಕ್ಕು ತಿರುಗಿಸಿದಾಗ ಚಿಹ್ನೆ ಜೊತೆಗೆ ಬದಲಾಗಿದೆಯೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಏರು ಇಳಿಜಾರಾಗುತ್ತದೆ. ಬೆಂಚು ಸೇರಿಸುವಾಗ ಬೆನ್ನಿಗೆ ಒರಗು ಇದೆಯೇ ಎಂಬುದನ್ನೂ ಸೇರಿಸಿ. ಮಂಡಿನೋವಿನವರಿಗೆ ಮರದ ದಿಮ್ಮಿ ಬೆಂಚಲ್ಲ, ಕೂತರೆ ಏಳುವುದು ಹೇಗೆ?

ಕೊನೆಗೆ ಸೇರಿದ್ದು ಪ್ರಾಣಿಗಳ ಸಾಲು. ಎಲ್ಕ್ ಎಂಬ ದೊಡ್ಡ ಜಿಂಕೆಗಳಿಂದ 75 ಅಡಿ, ಅದಕ್ಕೂ ದೊಡ್ಡ ಜಿಂಕೆಯಾದ ಮೂಸ್ ಮತ್ತು ಕರಡಿಯಿಂದ 120 ಅಡಿ ದೂರ ಇರಬೇಕೆಂಬುದು ಉದ್ಯಾನದ ನಿಯಮ. ಸ್ಪ್ರೇಗ್ ಕೆರೆಗೆ ಮೂಸ್ ಬರುತ್ತದೆ. ನಡೆಯುವವರು ಹಾದಿಯಿಂದ ಪಕ್ಕಕ್ಕೆ ಸರಿಯಬಹುದು, ಹಲಗೆಯ ಮೇಲಿನ ವೀಲ್‌ಚೇರ್ ಹಿಂದಕ್ಕೇ ಹೋಗಬೇಕು, ಅದಕ್ಕೆ ತಿರುಗಲು 5 ಅಡಿ ಬೇಕು. ಹಾಗಾಗಿ ತಿರುಗುವ ಜಾಗಗಳನ್ನೂ ಹಾಳೆಯ ನಕ್ಷೆಯಲ್ಲಿ ಪುಟ್ಟ ವೃತ್ತಗಳಿಂದ ಗುರುತಿಸಲಾಗಿದೆ.

ಬಾಕಿ: ಬೇರ್ ಲೇಕ್ ಮರು ಅಳತೆಗೆ ಹಿಮ ಪೂರ್ತಿ ಕರಗಬೇಕು, ಜೂನ್‌ನಲ್ಲೂ ನೆರಳಿನ ಕಡೆ ಉಳಿದಿರುತ್ತದೆ. ಕಯೋಟಿ ವ್ಯಾಲಿಗೆ ಹೋಗಲು ಟ್ರೇಲ್ ರಿಡ್ಜ್ ತೆರೆಯಬೇಕು, ಅದು ಸಾಮಾನ್ಯವಾಗಿ ಮೇ ಕೊನೆಗೆ. ಅಷ್ಟರಲ್ಲಿ ಸ್ಪ್ರೇಗ್‌ನ ಜಲ್ಲಿ-ಹಲಗೆ ಅಂಚುಗಳನ್ನು ಮತ್ತೊಮ್ಮೆ ಅಳೆದು, ಹಾಳೆಯ ಮೇಲ್ತುದಿಯಲ್ಲಿ ಅಳೆದ ತಿಂಗಳನ್ನು ದಪ್ಪಕ್ಷರದಲ್ಲಿ ಹಾಕಬೇಕು.