ಶೋಶೋ ಮನೆಯ ಚಾಯ್, ಮೇಲಿನ ಮನೆಯ ಕರ್ಕಡೆ

ನಮ್ಮ ಸಾಗರದ ಕಡೆ ಮನೆಗೆ ಯಾರೇ ಬಂದ್ರೂ ಮೊದಲು ಕೇಳೋದು "ಆಸರಿಗೆ ಎಂತ ಮಾಡ್ಲಿ" ಅಂತ. ಕಾಫಿನೋ, ಟೀನೋ, ಕಷಾಯನೋ, ಮಜ್ಜಿಗೆನೋ ಬಂದವರೇ ಹೇಳ್ಬೇಕು, ಎಂತದೂ ಬೇಡ ಅಂದ್ರೆ ಇನ್ನೊಂದ್ಸಲ ಒತ್ತಾಯ ಮಾಡ್ಬೇಕು. ಈಗ ನಾವಿರೋ ಕೀನ್ಯಾದ ನೈರೋಬಿಯಲ್ಲಿ ಯಾರೂ ಕೇಳಲ್ಲ. ನೀವು ಕೂತ ಕೂಡ್ಲೇ ಮೇಜಿನ ಮೇಲಿರೋ ದೊಡ್ಡ ಫ್ಲಾಸ್ಕ್ ಎತ್ತಿ ಕಪ್ ತುಂಬ ಸುರಿದು "ಕರಿಬು ಚಾಯ್" ಅಂತ ಕೈಗೆ ಕೊಟ್ಟುಬಿಡ್ತಾರೆ. ಆ ಫ್ಲಾಸ್ಕಿಗೆ ಚೂಪಾ ಅಂತಾರೆ. ಬೆಳಗ್ಗೆ ತುಂಬಿಸಿಟ್ಟ ಚೂಪಾ ಇಲ್ಲದ ಮನೆ ನಾನಂತೂ ಇಲ್ಲಿ ನೋಡಿಲ್ಲ.

ಊರಿಂದ ಅಕ್ಕ, ಅತ್ತಿಗೆ, ಗೆಳತಿಯರು ಎಲ್ಲ ಫೋನಲ್ಲಿ ಕೇಳ್ತಾನೇ ಇರ್ತಾರೆ, ಆಫ್ರಿಕಾದಲ್ಲಿ ಟೀ ಸಿಗುತ್ತಾ, ಹೇಗಿರುತ್ತೆ, ನಾವೂ ಮಾಡ್ಬಹುದಾ ಅಂತ. ಅದಕ್ಕೇ ಈ ಸಲ ಪೂರ್ತಿ ಬರೀತಿದ್ದೀನಿ, ಮಾಡೋ ವಿಧಾನದ ಸಮೇತ.

ಸಿಗುತ್ತಾ ಅನ್ನೋದಕ್ಕೆ ಮೊದಲು ಉತ್ತರ ಕೊಡ್ತೀನಿ. ಜಗತ್ತಲ್ಲಿ ಅತಿ ಹೆಚ್ಚು ಬ್ಲಾಕ್ ಟೀ ರಫ್ತು ಮಾಡೋ ದೇಶವೇ ಕೀನ್ಯಾ. ಮೊಂಬಾಸಾದಲ್ಲಿ ವಾರವಾರ ಟೀ ಹರಾಜು ನಡೆಯುತ್ತೆ, ಸುತ್ತಲಿನ ಉಗಾಂಡಾ, ರುವಾಂಡಾದ ಟೀ ಕೂಡ ಅಲ್ಲಿಗೇ ಬರುತ್ತೆ. ಆದ್ರೆ ಈ ಗಿಡ ಇಲ್ಲಿಯದಲ್ಲ, 1903ರಲ್ಲಿ ಇಂಡಿಯಾದಿಂದ ತಂದ ಬೀಜವನ್ನ ಲಿಮುರುವಿನಲ್ಲಿ ಹಾಕಿದ್ದೇ ಶುರು. ಲಿಮುರು ನೈರೋಬಿಯಿಂದ ಹೆಚ್ಚು ದೂರ ಇಲ್ಲ, ಒಂದು ಭಾನುವಾರ ಹೋಗಿದ್ವಿ, ಎರಡು ಸಾವಿರ ಮೀಟರಿಗೂ ಎತ್ತರದ ಜಾಗ, ಮಂಜು, ಕೆಂಪು ಮಣ್ಣು, ಇಳಿಜಾರಿನ ತುಂಬ ಒಂದೇ ಮಟ್ಟಕ್ಕೆ ಕತ್ತರಿಸಿದ ಹಸಿರು. ಚಿಕ್ಕಮಗಳೂರಿನ ಘಾಟಿಯಲ್ಲಿ ಕಾರು ನಿಲ್ಲಿಸಿದ ಹಾಗನ್ನಿಸಿ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಭೂಮಧ್ಯರೇಖೆಯ ಪಕ್ಕದಲ್ಲೇ ಇರೋದ್ರಿಂದ ಇಲ್ಲಿ ವರ್ಷಪೂರ್ತಿ ಚಿಗುರು ಕೀಳ್ತಾರೆ.

ನನಗೆ ಇಲ್ಲಿಯ ಚಾಯ್ ಕಲಿಸಿದ್ದು ಪಕ್ಕದ ಮನೆಯವರ ತಾಯಿ. ಊರು ನ್ಯೇರಿ, ಎಂಬತ್ತರ ಹತ್ತಿರ ವಯಸ್ಸು. ಕಿಕುಯು ಭಾಷೇಲಿ ಅಜ್ಜಿಗೆ ಶೋಶೋ ಅಂತಾರೆ, ನಾನೂ ಹಾಗೇ ಕರೀತೀನಿ. ಊರಿಂದ ತಂದ ಟೀಪುಡಿ ಖಾಲಿಯಾದ ಮೇಲೆ ನಾನು ಇಲ್ಲಿಯ ಪುಡಿ ತಂದು ನಮ್ಮನೆ ರೀತಿಯಲ್ಲೇ ಮಾಡ್ತಿದ್ದೆ, ನೀರು ಕುದಿಸಿ, ಪುಡಿ ಹಾಕಿ ಚೆನ್ನಾಗಿ ಕುದಿಸಿ, ಕೊನೆಗೆ ಸ್ವಲ್ಪ ಹಾಲು. ಎಷ್ಟು ಮಾಡಿದ್ರೂ ನಾಲಿಗೆ ಒಗರು ಒಗರು. ಒಂದಿನ ಶೋಶೋ ಅದನ್ನ ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟು, ಎದ್ದು ನಮ್ಮ ಅಡುಗೆಮನೆಗೇ ನಡೆದ್ರು. ಅವರ ಸ್ವಾಹಿಲಿ ನನಗೆ ಅರ್ಧ ಅರ್ಥ ಆಗುತ್ತೆ, ಅವತ್ತು ಮಾತಿನ ಅಗತ್ಯ ಇರಲಿಲ್ಲ, ಕೈ ನೋಡ್ತಾ ನಿಂತೆ.

ನಾಲ್ಕು ಜನಕ್ಕೆ ಅಂತಿಟ್ಕೊಳ್ಳಿ. ಅರ್ಧ ಲೀಟರ್ ಹಾಲು, ಅಷ್ಟೇ ನೀರು, ಅದಕ್ಕಿಂತ ನೀರು ಜಾಸ್ತಿ ಬೇಡ. ಹೆಬ್ಬೆರಳ ಗಾತ್ರದ ಹಸಿಶುಂಠಿ ಜಜ್ಜಿ ಮೊದಲು ನೀರಿಗೆ ಮಾತ್ರ ಹಾಕಿ ಐದು ನಿಮಿಷ ಕುದಿಸಬೇಕು. ಇದು ಮುಖ್ಯ, ಯಾಕಂದ್ರೆ ಹಸಿಶುಂಠಿಯಲ್ಲಿ ಹಾಲು ಒಡೆಸೋ ಒಂದು ಕಿಣ್ವ ಇದೆ, ಅದು ಕುದಿಯೋ ನೀರಲ್ಲಿ ಸತ್ತುಹೋಗುತ್ತೆ, ಹಾಲಿಗೇ ನೇರ ಹಾಕಿದ್ರೆ ಹಾಲು ಒಡೀಬಹುದು. ಶುಂಠಿ ನೀರು ಕುದ್ದ ಮೇಲೆ ಹಾಲು ಸುರಿದು, ಉಕ್ಕು ಬಂದಾಗ ಮೂರು ಸಣ್ಣ ಚಮಚ ಟೀಪುಡಿ. ಇಲ್ಲಿ ಪುಡಿಗೆ ಮಜಾನಿ ಅಂತಾರೆ, ಎಲೆ ಅಂತ ಅರ್ಥ. ಉರಿ ಸಣ್ಣ ಮಾಡಿ, ಉಕ್ಕು ಬಂದಾಗ ಪಾತ್ರೆ ಎತ್ತಿ ಇಳಿಸಿ, ಮತ್ತೆ ಇಟ್ಟು, ಮತ್ತೆ ಎತ್ತಿ, ಹೀಗೆ ಮೂರು ಸಲ. ಸಕ್ಕರೆ ಪಾತ್ರೆಗೇ ಹಾಕ್ತಾರೆ, ಕೈ ಧಾರಾಳ, ನಾನು ಅರ್ಧಕ್ಕೆ ಇಳಿಸಿದ್ದೀನಿ. ಆಮೇಲೆ ಮುಚ್ಚಿ ಎರಡು ನಿಮಿಷ ಬಿಟ್ಟು, ಬಿಸಿನೀರಲ್ಲಿ ತೊಳೆದ ಫ್ಲಾಸ್ಕಿಗೆ ಸೋಸೋದು. ಬಣ್ಣ ಹೊಸ ಮಣ್ಣಿನ ಮಡಿಕೆ ಥರ ಬರಬೇಕು, ಬೆಳ್ಳಗಿದ್ರೆ ಶೋಶೋ ಬಾಯಿಗಿಡಲ್ಲ. ಶುಂಠಿಗೆ ತಂಗಾವಿಜಿ ಅಂತಾರೆ, ಹಾಗಾಗಿ ಇದು ಚಾಯ್ ಯಾ ತಂಗಾವಿಜಿ.

ಇಷ್ಟೊಂದು ಹಾಲು ಯಾಕೆ ಅಂತ ನನಗೂ ಅನ್ನಿಸ್ತಿತ್ತು. ಕೀನ್ಯಾದ ಟೀ ಹೆಚ್ಚುಕಮ್ಮಿ ಎಲ್ಲ ಸಿಟಿಸಿ, ಅಂದ್ರೆ ಎಲೆಯನ್ನ ಯಂತ್ರದಲ್ಲಿ ಜಜ್ಜಿ ಹರಿದು ಸುರುಳಿ ಮಾಡಿ ಸಾಸಿವೆ ಕಾಳಿನ ಥರ ಮಾಡಿರ್ತಾರೆ, ನೀರಿಗೆ ಬಿದ್ದ ತಕ್ಷಣ ಸತ್ವ ಎಲ್ಲ ಬಿಟ್ಟುಬಿಡುತ್ತೆ. ಹಾಲಿನ ಪ್ರೋಟೀನು ಆ ಒಗರನ್ನ ಹಿಡಿದಿಟ್ಕೊಳ್ಳುತ್ತೆ. ನಾನು ನೀರಲ್ಲೇ ಕುದಿಸಿ ಕುದಿಸಿ ಒಗರೆಲ್ಲ ನೀರಿಗೆ ಬಿಡೋ ಹಾಗೆ ಮಾಡ್ತಿದ್ದೆ, ಹಾಲು ಅದನ್ನ ತಡೆಯೋಷ್ಟು ಇರ್ತಿರಲಿಲ್ಲ. ನಮ್ಮೂರಲ್ಲೂ ಸಿಟಿಸಿ ಪುಡಿಯೇ ಸಿಗೋದು, ಹಾಗಾಗಿ ಈ ರೀತಿ ಅಲ್ಲೂ ಚೆನ್ನಾಗೇ ಬರುತ್ತೆ, ಗಟ್ಟಿ ಹಾಲಿದ್ರೆ ಇನ್ನೂ ಚೆನ್ನ.

ಇಲ್ಲಿ ಚಾಯ್ ಬರೀ ಕುಡಿಯೋ ವಸ್ತು ಅಲ್ಲ, ಒಂದು ಊಟ. ಶೋಶೋ ಮನೇಲಿ ಬೆಳಗ್ಗೆ ಚಾಯ್ ಜೊತೆ ಬೇಯಿಸಿದ ಗೆಣಸು, ಇಲ್ಲಾ ಅಂದ್ರೆ ನ್ಡೂಮಾ. ಮೊದಲ ಸಲ ತಟ್ಟೆ ನೋಡಿದಾಗ ನನ್ನ ಗಂಟಲು ಕಟ್ಟಿತು, ಯಾಕಂದ್ರೆ ನ್ಡೂಮಾ ಅಂದ್ರೆ ನಮ್ಮ ಕೆಸುವಿನ ಗೆಡ್ಡೆ! ಮಳೆಗಾಲದಲ್ಲಿ ಅಮ್ಮ ಬೇಯಿಸಿ ಕೊಡ್ತಿದ್ದ ಅದೇ ಗೆಡ್ಡೆ, ಇಲ್ಲಿ ಉಪ್ಪೂ ಇಲ್ಲದೆ ಸಿಪ್ಪೆ ಸುಲಿದು ಸಿಹಿ ಚಾಯ್ ಜೊತೆ ತಿಂತಾರೆ. ಆಫೀಸು, ಶಾಲೆ, ಕಟ್ಟಡ ಕೆಲಸ ಎಲ್ಲ ಕಡೆ ಹತ್ತು ಗಂಟೆಗೆ ಚಾಯ್, ಅದಕ್ಕೆ ಚಾಯ್ ಯಾ ಸಾ ನ್ನೆ ಅಂತಾರೆ, ಅಕ್ಷರಶಃ ನಾಲ್ಕು ಗಂಟೆಯ ಚಾಯ್. ಸ್ವಾಹಿಲಿ ಲೆಕ್ಕದಲ್ಲಿ ಹಗಲಿನ ಗಂಟೆ ಎಣಿಸೋಕೆ ಶುರು ಮಾಡೋದು ಸೂರ್ಯ ಹುಟ್ಟಿದಾಗ, ಬೆಳಗ್ಗೆ ಏಳು ಅಂದ್ರೆ ಒಂದು ಗಂಟೆ, ಹತ್ತು ಅಂದ್ರೆ ನಾಲ್ಕು.

ಶೋಶೋ ಒಂದು ಮಾತು ಹೇಳಿದ್ರು, ಅದು ಮನಸ್ಸಲ್ಲೇ ಉಳಿದಿದೆ. ಅವರು ಚಿಕ್ಕೋರಿದ್ದಾಗ ಟೀ ಅಂದ್ರೆ ಬಿಳಿಯರ ತೋಟದಲ್ಲಿ ಕೂಲಿಗೆ ಕೀಳೋ ಎಲೆ, ತಮ್ಮ ಹೊಲದಲ್ಲಿ ಹಾಕೋ ಹಾಗಿರಲಿಲ್ಲ. ವಸಾಹತು ಸರ್ಕಾರ 1950ರ ದಶಕದಲ್ಲಿ, 1954ರ ಸ್ವಿನ್ನರ್ಟನ್ ಯೋಜನೆ ಬಂದಾಗಲೇ ಆಫ್ರಿಕನ್ ಸಣ್ಣ ರೈತರಿಗೆ ಟೀ, ಕಾಫಿಯಂಥ ಬೆಳೆಗಳಿಗೆ ದೊಡ್ಡ ಮಟ್ಟದಲ್ಲಿ ದಾರಿ ಬಿಟ್ಟಿದ್ದು. ಈಗ ಲಕ್ಷಾಂತರ ಸಣ್ಣ ರೈತರು ತುಂಡು ಜಮೀನಲ್ಲಿ ಬೆಳೀತಾರೆ, ಶೋಶೋ ಮನೆಯವರಿಗೂ ನ್ಯೇರಿಯಲ್ಲಿ ಇದೆ, ಎರಡೆಲೆ ಒಂದು ಚಿಗುರು ಕಿತ್ತು ಬುಟ್ಟಿ ಹೊತ್ತು ತೂಕದ ಕೇಂದ್ರಕ್ಕೆ ಒಯ್ದು ಕಿಲೋ ಲೆಕ್ಕದಲ್ಲಿ ಕೊಡೋದು, ತಿಂಗಳ ದುಡ್ಡು ಸ್ವಲ್ಪ, ವರ್ಷಕ್ಕೊಮ್ಮೆ ಬರೋ ಬೋನಸ್ ಮೇಲೇ ಮಕ್ಕಳ ಫೀಸು, ಮನೆ ರಿಪೇರಿ ಎಲ್ಲ ನಿಂತಿರುತ್ತೆ. ಬೋನಸ್ ಕಡಿಮೆ ಬಂದ ವರ್ಷ ಮನೆಮನೆಯಲ್ಲೂ ಅದೇ ಮಾತು. ಅಡಿಕೆ ರೇಟು ಬಿದ್ದ ವರ್ಷ ನಮ್ಮಪ್ಪನ ಮುಖ ಹೇಗಿರ್ತಿತ್ತು ಅಂತ ನನಗೆ ಗೊತ್ತು, ಅದಕ್ಕೇ ಈಗ ಟೀಪುಡಿ ಚೆಲ್ಲೋಕೆ ಮನಸ್ಸು ಬರಲ್ಲ.

ಹಾಲಿಲ್ಲದ ಟೀಗೆ ಚಾಯ್ ಯಾ ರಂಗಿ ಅಂತಾರೆ, ಬಣ್ಣದ ಟೀ, ಇನ್ನೊಂದು ಹೆಸರು ಸ್ಟ್ರುಂಗಿ. ಅತಿಥಿಗೆ ಬರೀ ಸ್ಟ್ರುಂಗಿ ಕೊಡೋಕೆ ಶೋಶೋಗೆ ಸಂಕೋಚ, ಮನೇಲಿ ಹಾಲಿಲ್ಲ ಅಂತ ಹೇಳಿದ ಹಾಗೆ. ಆದ್ರೆ ಕರಾವಳಿ ಕಡೆ ಅದಕ್ಕೆ ಬೇರೆಯೇ ಮರ್ಯಾದೆ. ಮೊಂಬಾಸಾಗೆ ಹೋದಾಗ ಸಂಜೆ ಕುಡಿದಿದ್ದು ಮ್ಚಾಯ್‌ಚಾಯ್ ಹಾಕಿದ ಟೀ, ಅದು ನಮ್ಮ ಹಿತ್ತಲಲ್ಲಿ ಬೆಳೆಯೋ ಮಜ್ಜಿಗೆ ಹುಲ್ಲೇ. ಒಂದು ಲೀಟರ್ ನೀರಿಗೆ ನಾಲ್ಕೈದು ಎಲೆ ಗಂಟು ಕಟ್ಟಿ ಹಾಕಿ ಹತ್ತು ನಿಮಿಷ ಕುದಿಸಿ, ಒಲೆ ಆರಿಸಿ, ಆಮೇಲೆ ಒಂದೇ ಚಮಚ ಟೀಪುಡಿ ಹಾಕಿ ಒಂದು ನಿಮಿಷಕ್ಕೇ ಸೋಸಿಬಿಡಿ, ಪುಡಿ ಜಾಸ್ತಿ ಕೂತ್ರೆ ಹುಲ್ಲಿನ ಪರಿಮಳ ಹೋಗುತ್ತೆ. ಮಸಾಲೆ ಬೇಕಂದ್ರೆ ಎರಡು ಏಲಕ್ಕಿ, ಒಂದು ಲವಂಗ, ಚೂರು ಚಕ್ಕೆ. ಜೊತೆಗೆ ಮಹಮ್ರಿ ಕೊಟ್ರು, ತೆಂಗಿನಹಾಲು ಏಲಕ್ಕಿ ಹಾಕಿ ಕಲಸಿ ಉಬ್ಬಿಸಿ ಕರಿದದ್ದು, ನೆಂಚಿಕೊಳ್ಳೋಕೆ ತೆಂಗಿನಹಾಲಲ್ಲಿ ಬೇಯಿಸಿದ ತೊಗರಿಕಾಳು. ಆ ಊರಿಂದಲೇ ರೈಲು ಹಳಿ ಹಾಕೋಕೆ 1896ರಿಂದ 1901ರವರೆಗೆ ಇಂಡಿಯಾದಿಂದ 30,000ಕ್ಕೂ ಹೆಚ್ಚು ಕೂಲಿಕಾರರು ಬಂದಿದ್ರು, ಚಪಾತಿ ಅನ್ನೋ ಹೆಸರು ಇಲ್ಲಿ ಇವತ್ತಿಗೂ ಹಾಗೇ ಇದೆ.

ಶೀತ ಆದ್ರೆ ಇಲ್ಲಿ ದಾವಾ ಮಾಡ್ತಾರೆ, ದವಾ ಅಂದ್ರೆ ಔಷಧಿ ಅಂತ ನಮಗೂ ಗೊತ್ತಿರೋ ಪದ. ಶುಂಠಿ ಕುದಿಸಿದ ನೀರಿಗೆ ನಿಂಬೆರಸ, ಆರಿದ ಮೇಲೆ ಜೇನು. ನನ್ನ ಕಷಾಯದ ಪುಡಿ ಶೋಶೋಗೆ ಕೊಟ್ಟೆ, ಕೊತ್ತಂಬರಿ ಜೀರಿಗೆ ಮೆಣಸು ಹುರಿದು ಮಾಡಿದ್ದು, ಈಗ ಪ್ರತಿ ತಿಂಗಳು ಡಬ್ಬಿ ಬರುತ್ತೆ ತುಂಬಿಸಿಕೊಡು ಅಂತ. ರಾತ್ರಿ ಹೊತ್ತು ನಿದ್ದೆ ಕೆಡಬಾರ್ದು ಅನ್ನೋರು ದಕ್ಷಿಣ ಆಫ್ರಿಕಾದ ರೂಯ್‌ಬೋಸ್ ಕುಡೀಬಹುದು, ಅದು ಸೆಡರ್‌ಬರ್ಗ್ ಬೆಟ್ಟದ ಕಡೆಯ ಪೊದೆ, ಟೀ ಗಿಡವೇ ಅಲ್ಲ, ಕೆಫೀನ್ ಇಲ್ಲ, ಹತ್ತು ನಿಮಿಷ ಬಿಸಿನೀರಲ್ಲಿ ಬಿಟ್ರೂ ಕಹಿಯಾಗಲ್ಲ. ನನಗೆ ಅದು ಅಷ್ಟು ಹಿಡಿಸಲಿಲ್ಲ.

ಹಿಡಿಸಿದ್ದು ಕರ್ಕಡೆ. ನಮ್ಮ ಮೇಲಿನ ಮನೆಗೆ ಸೂಡಾನಿನ ಕುಟುಂಬ ಬಂದಿದೆ, ಊರು ಓಮ್‌ದುರ್ಮಾನ್, 2023ರ ಏಪ್ರಿಲಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಎಲ್ಲ ಬಿಟ್ಟು ಬಂದವರು. ಬಂದ ಮೊದಲ ರಂಜಾನಿಗೆ ಆ ಮನೆಯಾಕೆ ನಮಗೆ ಒಂದು ಜಗ್ ತುಂಬ ಕಡುಗೆಂಪು ಶರಬತ್ತು ಕಳಿಸಿದ್ರು, ಅದೇ ಕರ್ಕಡೆ. ಅಷ್ಟೆಲ್ಲ ಕಳಕೊಂಡು ಬಂದವರು ಪರಿಚಯವೇ ಇಲ್ಲದ ನಮಗೆ ಜಗ್ ತುಂಬಿಸಿ ಕಳಿಸ್ತಾರೆ ಅಂದ್ರೆ ನಾನು ಏನು ಹೇಳ್ಲಿ. ಮಾಡೋದು ಸುಲಭ. ಒಣಗಿಸಿದ ಕೆಂಪು ಹೂಗಳು ಸಿಗುತ್ತೆ, ನಿಜ ಹೇಳ್ಬೇಕಂದ್ರೆ ಅದು ಎಸಳಲ್ಲ, ಹೂ ಉದುರಿದ ಮೇಲೆ ಕಾಯಿ ಸುತ್ತ ಉಳಿಯೋ ದಪ್ಪ ಹೊದಿಕೆ. ಒಂದು ದೊಡ್ಡ ಹಿಡಿ ತೊಳೆದು ಒಂದು ಲೀಟರ್ ತಣ್ಣೀರಲ್ಲಿ ರಾತ್ರಿ ನೆನೆಹಾಕಿ ಬೆಳಗ್ಗೆ ಸೋಸಿ ಸಕ್ಕರೆ ಹಾಕೋದು. ಬಿಸಿ ಬೇಕಂದ್ರೆ ಐದು ನಿಮಿಷ ಕುದಿಸಿ. ಅಲ್ಯುಮಿನಿಯಂ ಪಾತ್ರೆ ಮಾತ್ರ ಬೇಡ, ಹುಳಿ ಜಾಸ್ತಿ, ಸ್ಟೀಲು ಅಥವಾ ಗಾಜು ಸರಿ. ಇದೇ ಹೂವಿಗೆ ಸೆನೆಗಲ್‌ನಲ್ಲಿ ಪುದಿನ ಹಾಕಿ ಬಿಸಾಪ್ ಅಂತಾರೆ, ನೈಜೀರಿಯಾದಲ್ಲಿ ಶುಂಠಿ ಲವಂಗ ಹಾಕಿ ಜೋಬೋ ಅಂತಾರೆ. ಬಿಪಿ ಮಾತ್ರೆ ತಗೊಳ್ಳೋರು ದಿನಾ ಕುಡಿಯೋ ಮುಂಚೆ ಡಾಕ್ಟರನ್ನ ಕೇಳಿ, ಇದು ಬಿಪಿ ಸ್ವಲ್ಪ ಇಳಿಸುತ್ತೆ.

ನಮ್ಮವರ ಊರು ಗದಗ. ಅತ್ತೆ ಇಲ್ಲಿಗೆ ಬಂದಾಗ ಸೋಸಿ ಉಳಿದ ಆ ಹೂವನ್ನ ನಾನು ಕಸದ ಡಬ್ಬಿಗೆ ಹಾಕೋಕೆ ಹೋದೆ, ಅವರು ಕೈ ಹಿಡಿದು ಒಂದನ್ನ ಬಾಯಿಗೆ ಹಾಕ್ಕೊಂಡು "ಇದು ನಮ್ಮ ಕೆಂಪ ಪುಂಡಿನ ಅಲ್ಲೇನವಾ" ಅಂದ್ರು. ಹೌದು, ಅದೇ ಗಿಡ. ಹಿಂಡಿ ತೆಗೆದು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಚೂರು ಬೆಲ್ಲ ಹಾಕಿ ಕುಟ್ಟಿ ಒಗ್ಗರಣೆ ಕೊಟ್ಟು ಚಟ್ನಿ ಮಾಡಿ, ಎರಡು ರೊಟ್ಟಿ ಜೊತೆ ತಟ್ಟೇಲಿಟ್ಟು ಮೇಲಿನ ಮನೆಗೆ ತಾವೇ ಮೆಟ್ಟಿಲು ಹತ್ತಿ ಕೊಟ್ಟು ಬಂದ್ರು, ಇವರಿಗೆ ಅರಬ್ಬಿ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಒಂದು ಗಂಟೆ ಬಿಟ್ಟು ಇಳಿದು ಬಂದ್ರು. ಅತ್ತೆ ಊರಿಗೆ ಹೋಗಿ ಆರು ತಿಂಗಳಾಯ್ತು. ಈಗಲೂ ಮೇಲಿನ ಮನೆಯಲ್ಲಿ ಕರ್ಕಡೆ ಸೋಸಿದ ದಿನ ಅವರ ಚಿಕ್ಕ ಮಗಳು ಆ ಹೂವನ್ನ ಡಬ್ಬಿಯಲ್ಲಿ ಹಾಕ್ಕೊಂಡು ಬಂದು ನಮ್ಮ ಬಾಗಿಲು ಬಡೀತಾಳೆ.