ಅರವತ್ತರ ಮೇಲೆ, ಅದೂ ಕಾರಿನಲ್ಲಿ, ಕಿಟಕಿ ತೊಳೆಯೋ ಕೆಲಸ ಆಗುತ್ತಾ?

ಗೃಹಪ್ರವೇಶಕ್ಕೆ ಹೋದರೂ ಸರಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೂ ಸರಿ, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಸಾರ್, ಈ ವಯಸ್ಸಲ್ಲಿ ಕಿಟಕಿ ತೊಳೆಯೋ ಕೆಲಸ ಆಗುತ್ತಾ? ವ್ಯಾನ್ ಇಲ್ಲದೆ, ಕಾರಲ್ಲೇ?" ಕೇಳುವವರಲ್ಲಿ ಎರಡು ಬಗೆ. ಅಯ್ಯೋ ಪಾಪ ಅನ್ನುವವರು ಒಂದು. ನಾಳೆ ತಮಗೂ ಬೇಕಾದೀತು ಅಂತ ಒಳಗೊಳಗೇ ಲೆಕ್ಕ ಹಾಕುತ್ತಿರುವವರು ಇನ್ನೊಂದು. ನಾನು ಬರೆಯುತ್ತಿರುವುದು ಎರಡನೆಯವರಿಗೆ.

ನನಗೀಗ 62. ಇರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ, ಹುಟ್ಟಿದ್ದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ. ಗೋದಾಮಿನ ಸಿಮೆಂಟು ನೆಲದ ಮೇಲೆ ಹದಿನೇಳು ವರ್ಷ ರಾತ್ರಿ ಪಾಳಿ ನಡೆದೆ; ಮಂಡಿ ಸಾಕು ಅಂದಿತು, ಬಿಟ್ಟೆ. ನನ್ನ ವಯಸ್ಸಿನವರಿಗೆ ಇಲ್ಲಿ ಸರ್ಕಾರಿ ಪಿಂಚಣಿ ಸಿಗುವುದು 67ಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಸಲಹೆ ಕೊಡುವುದು ಆರೋಗ್ಯಕರವಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಗುತ್ತದೆ. ಆದರೆ ಇದು ಗಾಜಿನ ಕೆಲಸ ಅಂದುಕೊಂಡು ಬಂದರೆ ಆಗುವುದಿಲ್ಲ. ಇದು ನೀರಿನ ಭಾರದ ಕೆಲಸ. ಗಾಜು ತೊಳೆಯುವುದನ್ನು ಒಂದು ಬೆಳಗ್ಗೆ ಕಲಿಯಬಹುದು. ನೀರನ್ನು ಎತ್ತದೆ ಇರುವುದನ್ನು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು, ಅದರಲ್ಲಿ ಒಂಬತ್ತು ದಿನ ಹಾಸಿಗೆಯ ಮೇಲೆ.

ಊರಿನವರಿಗೆ ಈ ಕೆಲಸ ವಿವರಿಸುವುದು ಸುಲಭ. ದೋಟಿಗೆ, ಅಂದರೆ ಕಾಯಿ ಕೀಳುವ ಉದ್ದ ಕೋಲಿಗೆ, ಪೈಪು ಕಟ್ಟಿದ ಹಾಗೆ ಅಂದರೆ ಮುಗಿಯಿತು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೊದಲೆಲ್ಲ ಜಾರುವ ಮರವನ್ನೇ ಹತ್ತಬೇಕಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಹೊಡೆಯುತ್ತಾರೆ. ನನ್ನದೂ ಅದೇ ಜಾತಿಯ ಕೋಲು, ಪೂರ್ತಿ ಎಳೆದರೆ 22 ಅಡಿ. ಒಳಗೆ ಸಣ್ಣ ಪೈಪು, ತುದಿಯಲ್ಲಿ ಬ್ರಷ್ಷು, ಬ್ರಷ್ಷಿನ ನಡುವೆ ನೀರು ಚಿಮ್ಮುವ ಎರಡು ತೂತು. ಎರಡು ಮಹಡಿಯ ಮನೆಯ ಮೇಲಿನ ಕಿಟಕಿಗೆ ಧಾರಾಳ. ಏಣಿಯ ಮಾತೇ ಇಲ್ಲ. 2005ರಿಂದ ಇಲ್ಲಿ ಎತ್ತರದ ಕೆಲಸಕ್ಕೆ ಒಂದು ನಿಯಮಾವಳಿ ಇದೆ. ಎತ್ತರಕ್ಕೆ ಹತ್ತದೆ ಮಾಡಬಹುದಾದ ಕೆಲಸವನ್ನು ಹತ್ತದೆಯೇ ಮಾಡು ಅನ್ನುವುದು ಅದರ ಮೊದಲ ಸೂತ್ರ. ನಮ್ಮ ಮನೆಯ ನಿಯಮ ಅದಕ್ಕಿಂತ ಕಟ್ಟುನಿಟ್ಟು: "ಏಣಿ ಹತ್ತಿದ್ರಿ ಅಂತ ಗೊತ್ತಾದ್ರೆ ನೋಡ್ರೀ, ರಾತ್ರಿ ಊಟಾನೂ ಅಲ್ಲೇ."

ಈ ಕೆಲಸದಲ್ಲಿ ಗಾಜನ್ನು ಒರೆಸುವುದಿಲ್ಲ. ತಿಕ್ಕಿ, ಮೇಲಿಂದ ನೀರು ಹರಿಸಿ, ಒದ್ದೆಯಾಗಿಯೇ ಬಿಟ್ಟು ಹೋಗುತ್ತೇವೆ. ಗಿರಾಕಿಗಳಿಗೆ ಮೊದಲ ಸಲ ಇದು ಮೋಸದ ಹಾಗೆ ಕಾಣುತ್ತದೆ. ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತು, ಒರೆಸದೆ ಹೋಗುವವನಿಗೆ ದುಡ್ಡು ಯಾಕೆ ಕೊಡಬೇಕು ಅಂತ ನೇರವಾಗಿ ಕೇಳಿದರು. ಕಾರಿನಲ್ಲಿ ನನ್ನ ಕಾಫಿ ಲೋಟ ಇತ್ತು, ಸ್ಟೀಲಿನದು, ಮದುವೆಯಲ್ಲಿ ಬಂದದ್ದು. ಅದನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ, ತಳದ ಒಂದು ಬದಿಗೆ ಅವರ ನಲ್ಲಿಯ ನೀರು ಒಂದು ತೊಟ್ಟು, ಇನ್ನೊಂದು ಬದಿಗೆ ನನ್ನ ಕ್ಯಾನಿನ ನೀರು ಒಂದು ತೊಟ್ಟು ಬಿಟ್ಟೆ. ನಾನು ಹಿಂದಿನ ಕಿಟಕಿ ಮುಗಿಸಿ ಬರುವಷ್ಟರಲ್ಲಿ ಎರಡೂ ಒಣಗಿದ್ದವು. ಒಂದು ಕಡೆ ಬಿಳಿ ಉಂಗುರ, ಇನ್ನೊಂದು ಕಡೆ ಏನೂ ಇಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಬೆರಳಿನಿಂದ ಉಜ್ಜಿದರು. ಆಮೇಲೆ ಆ ಲೋಟ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಆ ಉಂಗುರವೇ ಸುಣ್ಣ. ಸ್ವಿಂಡನ್ನಿನ ನೀರು ಸುಣ್ಣಕಲ್ಲಿನ ನೆಲದಿಂದ ಬರುವ ಗಡಸು ನೀರು. ಬೆಂಗಳೂರಿನಲ್ಲಿ ಆರ್‌ಓ ಅನ್ನುವ ನೀರು ಸೋಸುವ ಯಂತ್ರ ಮಾರುವವರು ಮನೆಗೆ ಬಂದು ಲೋಟದಲ್ಲಿ ಅದ್ದಿ ಹೆದರಿಸುತ್ತಾರಲ್ಲ, ನೀರಿನಲ್ಲಿ ಕರಗಿದ ಲವಣ ಅಳೆಯುವ ಆ ಟಿಡಿಎಸ್ ಪೆನ್ನು, ಅದನ್ನು ನನ್ನ ನಲ್ಲಿಗೆ ಹಿಡಿದರೆ 310 ತೋರಿಸುತ್ತದೆ. ಆರ್‌ಓ ದಾಟಿದ ಮೇಲೆ 12. ಅದನ್ನು ಉಳಿದ ಲವಣ ಹಿಡಿದಿಟ್ಟುಕೊಳ್ಳುವ ರೆಸಿನ್ ಹರಳು ತುಂಬಿದ ಸಿಲಿಂಡರಿನ ಮೂಲಕ ಹಾಯಿಸಿದರೆ ಸೊನ್ನೆ. ಸೊನ್ನೆಯೇ ಬೇಕು. ಹತ್ತು ಆದರೆ ನಡೆಯುತ್ತದೆ ಅನ್ನುವವರಿದ್ದಾರೆ. ಬಿಸಿಲು ಬೀಳುವ ದಕ್ಷಿಣದ ಗಾಜಿನ ಮೇಲೆ ಅವರ ಮಾತು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಗ್ಲಾಸ್ಗೋ, ಮ್ಯಾಂಚೆಸ್ಟರ್ ಕಡೆ ಇರುವವರು ಪುಣ್ಯವಂತರು. ಅಲ್ಲಿ ಕೆರೆಯ ಮೆದು ನೀರು, ನಮ್ಮೂರ ಗುಡ್ಡದಿಂದ ಇಳಿಯುವ ಅಬ್ಬಿ ನೀರಿನ ಹಾಗೆ. ಬರೀ ರೆಸಿನ್ ಸಾಕು, ಆರ್‌ಓ ಖರ್ಚೇ ಇಲ್ಲ.

ರೆಸಿನ್ ಮುಗಿಯುತ್ತಾ ಬಂದಾಗ ಮೀನಿನ ವಾಸನೆ ಬರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹುಟ್ಟಾ ಸಸ್ಯಾಹಾರಿ ಮನೆ ನಮ್ಮದು. ಆ ವಾರ ಶೆಡ್ಡಿನಿಂದ ಬಂದ ವಾಸನೆಗೆ ನಾನು ಕೊಟ್ಟ ವಿವರಣೆಯನ್ನು ಹೆಂಡತಿ ಈಗಲೂ ಪೂರ್ತಿ ನಂಬಿಲ್ಲ.

ಇನ್ನು ಭಾರದ ವಿಷಯ. ಒಂದು ಲೀಟರ್ ನೀರು ಒಂದು ಕಿಲೋ, ಇದಕ್ಕೆ ವಿನಾಯಿತಿ ಇಲ್ಲ. ಒಂದು ಮನೆಗೆ ನನಗೆ ಸರಾಸರಿ 15 ಲೀಟರ್ ಬೇಕು. ದಿನಕ್ಕೆ ಹತ್ತು ಮನೆ ಅಂದರೆ 150 ಲೀಟರ್, 25 ಲೀಟರಿನ ಆರು ಕ್ಯಾನು. ಪಂಪು, ಬ್ಯಾಟರಿ, ಪೈಪಿನ ರೀಲು, ಕೋಲು ಸೇರಿಸಿದರೆ ಇನ್ನೊಂದು 45 ಕಿಲೋ. ಇಬ್ಬರು ದಪ್ಪನೆಯ ನೆಂಟರನ್ನು ಲಗೇಜಿನ ಸಮೇತ ಕರೆದುಕೊಂಡು ಹೋದ ಹಾಗೆ. ಹಿಂಭಾಗ ಉದ್ದವಿರುವ ಎಸ್ಟೇಟ್ ಕಾರಿಗೆ ಇದು ದೊಡ್ಡ ಹೊರೆಯಲ್ಲ. ಆದರೂ ಊಹೆ ಮಾಡಬೇಡಿ. ಕಾರಿಗೆ ಅಂಟಿಸಿದ ತಗಡಿನ ಪಟ್ಟಿಯಲ್ಲಿ ನಾಲ್ಕು ತೂಕ ಬರೆದಿರುತ್ತಾರೆ. ಮೊದಲನೆಯದು ಕಾರು ತುಂಬಿದಾಗ ಇರಬಹುದಾದ ಒಟ್ಟು ತೂಕ, ಕೊನೆಯದು ಹಿಂದಿನ ಅಚ್ಚಿನ ಮೇಲೆ ಬೀಳಬಹುದಾದದ್ದು. ಎಲ್ಲರೂ ಮೊದಲನೆಯದನ್ನು ನೋಡಿ ಸಮಾಧಾನಪಡುತ್ತಾರೆ, ಪೆಟ್ಟು ಬೀಳುವುದು ಕೊನೆಯದಕ್ಕೆ. ಆರೂ ಕ್ಯಾನನ್ನು ಡಿಕ್ಕಿಯ ಬಾಗಿಲಿಗೆ ಒತ್ತಿ ಇಟ್ಟರೆ ಕಾರಿನ ಮೂತಿ ಮೇಲೇಳುತ್ತದೆ, ಎದುರಿನವರ ಕಣ್ಣಿಗೆ ಲೈಟು ಹೊಡೆಯುತ್ತದೆ. ಸೀಟಿನ ಬೆನ್ನಿಗೆ ಆನಿಸಿ, ನೆಲದ ಕೊಂಡಿಗಳಿಗೆ ಪಟ್ಟಿ ಬಿಗಿಯಬೇಕು.

ಮೊದಲ ಚಳಿಗಾಲ ನನಗೆ ಇಷ್ಟೆಲ್ಲ ತಲೆ ಎಲ್ಲಿತ್ತು? ಕೈಗಾಡಿಯೊಂದನ್ನು ಇಟ್ಟುಕೊಂಡಿದ್ದೆ. ಪ್ರತಿ ಮನೆಯ ಮುಂದೆ ಡಿಕ್ಕಿಯಿಂದ ಕ್ಯಾನು ಎತ್ತಿ ಗಾಡಿಗೆ ಇಡುವುದು, ಖಾಲಿಯಾದದ್ದನ್ನು ವಾಪಸ್ ಇಡುವುದು. ಗಂಡಸರಿಗೆ 25 ಕಿಲೋ ಅನ್ನುವ ಇಲ್ಲಿನ ಸರ್ಕಾರಿ ಸಲಹೆ ಓದಿದ್ದೆ, ಸರಿಯಾಗಿ 25 ಇದೆಯಲ್ಲ ಅಂತ ಖುಷಿಪಟ್ಟಿದ್ದೆ. ಆ ಅಂಕಿ ಸೊಂಟದ ಎತ್ತರದಲ್ಲಿ ಮೈಗೆ ಒತ್ತಿಕೊಂಡು ಎತ್ತುವವರಿಗೆ. ಕೈ ಚಾಚಿದರೆ ಅದು 15ಕ್ಕೆ ಇಳಿಯುತ್ತದೆ ಅನ್ನುವುದನ್ನು ಓದಿರಲಿಲ್ಲ. ಡಿಕ್ಕಿಯೊಳಗೆ ಬಗ್ಗಿ, ಕೈ ಚಾಚಿ, ಹಾಗೇ ತಿರುಗಿ ಎತ್ತುವುದೆಂದರೆ ಅದಕ್ಕಿಂತಲೂ ಕೆಟ್ಟದ್ದು. ಜನವರಿಯ ಒಂದು ಮಂಗಳವಾರ, ಏಳನೇ ಮನೆ. ಸೊಂಟದಲ್ಲಿ ಏನೋ ಚಳಕ್ ಅಂದಿತು. ಕ್ಯಾನನ್ನು ಇಳಿಸಲೂ ಆಗಲಿಲ್ಲ, ಹಿಡಿಯಲೂ ಆಗಲಿಲ್ಲ. ಆ ಮನೆಯ ಹುಡುಗ ಬಂದು ಕೈಯಿಂದ ತೆಗೆದುಕೊಂಡ.

ಹಾಸಿಗೆಯಲ್ಲಿ ಬಿದ್ದಿದ್ದಾಗ ನೆನಪಾದದ್ದು ಊರಿನ ದಬ್ಬೆ. ಅಡಿಕೆ ಮರ ಸೀಳಿ, ಒಳಗಿನ ತಿರುಳು ಕೆತ್ತಿ, ಗುಡ್ಡದಿಂದ ಅಂಗಳದವರೆಗೆ ಸಾಲಾಗಿ ಜೋಡಿಸಿದರೆ ಅಬ್ಬಿ ನೀರು ತಾನಾಗಿ ಬಚ್ಚಲಿಗೇ ಬಂದು ಬೀಳುತ್ತಿತ್ತು. ನಮ್ಮಮ್ಮ ಮಳೆಗಾಲದಲ್ಲಿ ಒಂದು ಕೊಡ ನೀರು ಹೊತ್ತದ್ದು ನಾನು ನೋಡಿಲ್ಲ. ಹಂಚಿನ ಮನೆಯವರಿಗೆ ಗೊತ್ತಿದ್ದದ್ದು ಪಂಪು, ಬ್ಯಾಟರಿ ಎಲ್ಲಾ ಇದ್ದ ನನಗೆ ಹೊಳೆಯಲಿಲ್ಲವಲ್ಲ!

ಈಗ ನನ್ನ ಕ್ಯಾನುಗಳು ಡಿಕ್ಕಿಯಿಂದ ಇಳಿಯುವುದೇ ಇಲ್ಲ. ಶೆಡ್ಡಿನ ಡ್ರಮ್ಮಿಗೆ ರಾತ್ರಿಯೆಲ್ಲ ಆರ್‌ಓ ತೊಟ್ಟಿಕ್ಕುತ್ತದೆ. ಬೆಳಗ್ಗೆ ಕಾರಿನ ಹಿಂಬಾಗಿಲು ತೆಗೆದು, ಡ್ರಮ್ಮಿನಿಂದ ಪೈಪು ಎಳೆದು, ಕ್ಯಾನು ಇದ್ದಲ್ಲೇ ತುಂಬುತ್ತೇನೆ. ಕೆಲಸದ ಜಾಗದಲ್ಲಿ 12 ವೋಲ್ಟಿನ ಪಂಪಿನ ಹೀರುಕೊಳವೆಯನ್ನು ಒಂದು ಕ್ಯಾನಿನಿಂದ ಇನ್ನೊಂದಕ್ಕೆ ಬದಲಾಯಿಸುವುದಷ್ಟೇ. ರೀಲಿನಲ್ಲಿ 60 ಮೀಟರ್ ಪೈಪಿದೆ, ಹಿತ್ತಲಿನವರೆಗೂ ಹೋಗುತ್ತದೆ. ಪಂಪಿಗೆ ಬೇರೆಯದೇ ಬ್ಯಾಟರಿ. ಕಾರಿನದಕ್ಕೇ ತಗುಲಿಸಿದರೆ ಹತ್ತನೇ ಮನೆಯ ಮುಂದೆ ಕಾರು ತಳ್ಳಬೇಕಾದೀತು. ಆರ್‌ಓ ಹೊರಗೆ ಬಿಡುವ ನೀರು ಕುಂಡಗಳಿಗೆ, ನೆಲ ಒರೆಸಲು. ಬೆಂಗಳೂರಿನ ಅಭ್ಯಾಸ ಇಲ್ಲೂ ನಡೆಯುತ್ತದೆ. ಒಂದು ಎಚ್ಚರಿಕೆ: ಡ್ರಮ್ಮಿನ ಶುದ್ಧ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬಿಸಿಲಿನಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಶ್ವಾಸಕೋಶಕ್ಕೆ ಕಾಯಿಲೆ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ತಂಪಾಗಿ, 20 ಡಿಗ್ರಿಯ ಒಳಗೆ ಇಡಿ, ನಿಂತ ನೀರು ಚೆಲ್ಲಿ.

ಮುಚ್ಚಳ ಬಿಗಿಯಾಗಿದೆಯೇ ಅಂತ ಎರಡೆರಡು ಸಲ ನೋಡಿ. ನಮ್ಮೂರಿನ ಮ್ಯಾಜಿಕ್ ರೌಂಡಬೌಟ್ ಕೇಳಿರಬಹುದು, 1972ರಲ್ಲಿ ಮಾಡಿದ್ದು, ಒಂದು ದೊಡ್ಡ ವೃತ್ತದ ಸುತ್ತ ಐದು ಸಣ್ಣ ವೃತ್ತ. ಅಲ್ಲಿ ಯಾವನೋ ಎದುರು ನುಗ್ಗಿದ, ಬ್ರೇಕ್ ಹಾಕಿದೆ. ಹಿಂದೆ ಒಂದು ಮುಚ್ಚಳ ಹಾರಿ ಅರ್ಧ ಕ್ಯಾನು ಕಾರ್ಪೆಟ್ಟಿಗೆ ಅಭಿಷೇಕವಾಯಿತು. ನೀರು ಸೊನ್ನೆ ಟಿಡಿಎಸ್ ಆದ್ದರಿಂದ ಕಲೆ ಆಗಲಿಲ್ಲ. ಮುಗ್ಗಲು ವಾಸನೆ ಮಾತ್ರ ಏಪ್ರಿಲ್‌ವರೆಗೆ ಇತ್ತು.

ವ್ಯಾನ್ ಯಾಕಿಲ್ಲ ಅಂದರೆ, ನಮ್ಮ ಬಡಾವಣೆಯ ಮನೆಪತ್ರದಲ್ಲೇ ವಾಣಿಜ್ಯ ವಾಹನ ನಿಲ್ಲಿಸುವಂತಿಲ್ಲ ಅಂತ ಬರೆದಿದೆ. ಇನ್ನೊಂದು ಕಾರಣವೂ ಇದೆ. ವ್ಯಾನು ತಂದವರು ವ್ಯಾನು ತುಂಬುವಷ್ಟು ಕೆಲಸ ಹುಡುಕುತ್ತಾರೆ. ಕಾರು ನನ್ನನ್ನು ಹತ್ತು ಮನೆಗೆ ನಿಲ್ಲಿಸುತ್ತದೆ. ಕಾರಿನ ವಿಮೆಯನ್ನು ಮಾತ್ರ ವ್ಯವಹಾರದ ಬಳಕೆಗೆ ಬದಲಾಯಿಸಲೇಬೇಕು, ಡಿಕ್ಕಿಯಲ್ಲಿ ನೀರು ಒಯ್ಯುವುದನ್ನೂ ಹೇಳಬೇಕು. ನನ್ನ ಹಳೆಯ ಕಂಪನಿಯವರು ಕೇಳಿದ ಕೂಡಲೇ ಆಗಲ್ಲ ಅಂದರು, ಬೇರೆಯವರು ಒಪ್ಪಿದರು.

ವ್ಯಾನು ಕೊಳ್ಳದೆ ಉಳಿಸಿದ ದುಡ್ಡನ್ನು ಕೋಲಿಗೆ ಹಾಕಿ. ಗ್ಲಾಸ್ ಫೈಬರಿನದು ಅಗ್ಗ. ಪೂರ್ತಿ ಎಳೆದಾಗ ಬಾಳೆದಿಂಡಿನ ಹಾಗೆ ಬಳುಕುತ್ತದೆ, ಆ ಬಳುಕನ್ನು ತಡೆಯುವುದು ನಿಮ್ಮ ಭುಜ. ಕಾರ್ಬನ್ ಹಗುರ, ನೆಟ್ಟಗೆ ನಿಲ್ಲುತ್ತದೆ. ಆದರೆ ಅದರಲ್ಲಿ ಕರೆಂಟು ಹರಿಯುತ್ತದೆ, ಮೇಲೆ ತಂತಿ ಇರುವ ಕಡೆ ಕೋಲನ್ನೇ ಎತ್ತಬೇಡಿ. ಕೈ ಎದೆಗಿಂತ ಮೇಲೆ ಹೋಗಬಾರದು. ಬ್ರಷ್ಷನ್ನು ತೋಳಿನಿಂದ ತಳ್ಳುವ ಬದಲು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟು ಕಾಲಿನಿಂದ ತಿಕ್ಕಿ. ಮೊದಲು ಚೌಕಟ್ಟು, ಆಮೇಲೆ ಗಾಜು. ಚೌಕಟ್ಟಿನ ಮೇಲಂಚಿನ ಗಾಳಿಕಿಂಡಿಯನ್ನು ಜೋರಾಗಿ ತಿಕ್ಕಿದರೆ ನೀವು ತೊಳೆದು ಮುಗಿಸಿದ ಎರಡು ನಿಮಿಷಕ್ಕೆ ಅಲ್ಲಿಂದ ಒಂದು ಕಪ್ಪು ತೊಟ್ಟು ಮೆಲ್ಲಗೆ ಇಳಿದು, ಗಾಜಿನ ನಟ್ಟನಡುವೆ ಗೆರೆ ಎಳೆಯುತ್ತದೆ. ಗಿರಾಕಿ ನೋಡುವುದು ಅದೊಂದನ್ನೇ. ಹಾಗಾಗಿ ಮನೆಯ ಎಲ್ಲ ಚೌಕಟ್ಟುಗಳನ್ನು ಮೊದಲು ಸುತ್ತಿ ಬಂದು, ಕಿಂಡಿಗಳು ಇಳಿಯುವಷ್ಟು ಇಳಿದ ಮೇಲೆ ಗಾಜಿಗೆ ಬರುತ್ತೇನೆ.

ನಮ್ಮ ವಯಸ್ಸಿನವರಿಗೆ ಮಾತ್ರ ಹೇಳುವ ಮಾತೊಂದು: ಪ್ರೋಗ್ರೆಸಿವ್ ಕನ್ನಡಕ ಕಾರಿನಲ್ಲೇ ಬಿಡಿ. ಅದರ ಕೆಳಭಾಗ ಇರುವುದು ಓದಲು. ಮೇಲಿನ ಕಿಟಕಿ ನೋಡುತ್ತಿದ್ದು ಥಟ್ಟನೆ ಕಾಲ ಕೆಳಗೆ ನೋಡಿದರೆ ಮೆಟ್ಟಿಲಿನ ಅಂಚೂ ನಿಮ್ಮದೇ ಪೈಪೂ ಮಸುಕಾಗಿ ಒಂದಾಗುತ್ತವೆ. ನಾನು ಬಿದ್ದದ್ದು ಎರಡು ಸಲ, ಎರಡೂ ಸಲ ಹೀಗೆಯೇ. ದೂರದ ನೋಟಕ್ಕೆ ಮಾತ್ರ ಇರುವ ಸಾದಾ ಕನ್ನಡಕ ಮಾಡಿಸಿಕೊಂಡೆ. ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆ ಕೆಲಸಕ್ಕೆ ಹೋಗುವುದೇ ಇಲ್ಲ. ನಾವೇ ಸುರಿದ ನೀರು ಅಂಗಳದಲ್ಲಿ ಗಾಜಾಗುತ್ತದೆ, ಜಾರುವುದು ನಾವಲ್ಲದಿದ್ದರೆ ಮನೆಯವರು.

ದುಡ್ಡು ಎಷ್ಟು ಅಂತ ಕೇಳುವವರಿಗೆ: ಮೂರು ಬೆಡ್‌ರೂಮಿನ ಮನೆಗೆ 15 ಪೌಂಡ್ ತೆಗೆದುಕೊಳ್ಳುತ್ತೇನೆ, ಎಂಟು ವಾರಕ್ಕೊಮ್ಮೆ. ತೆರಿಗೆ ಲೆಕ್ಕ ಸ್ವಂತ ಕೊಡಬೇಕು. ಮಗನ ಮನೆಗೆ ವಿಸಿಟರ್ ವೀಸಾದಲ್ಲಿ ಬಂದ ಹಿರಿಯರು ಆಸೆಪಡುವುದು ಬೇಡ, ಆ ವೀಸಾದಲ್ಲಿ ಇಂಥ ಕೆಲಸ ಮಾಡುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಇರುವವರು ಮೊದಲು ಕೌನ್ಸಿಲ್‌ನಲ್ಲಿ ಲೈಸೆನ್ಸ್ ವಿಚಾರಿಸಿಕೊಳ್ಳಿ, 1982ರ ಕಾನೂನಿನಲ್ಲಿ ಕಿಟಕಿ ತೊಳೆಯುವವರಿಗೂ ಅದು ಇದೆ.

ಊರಿನಿಂದ ಭಾವಮೈದ ಫೋನ್ ಮಾಡಿದಾಗಲೆಲ್ಲ ಒಂದೇ ರಾಗ. "ಭಾವ, ಎಷ್ಟು ವರ್ಷ ಅಂತ ಮಾಡ್ತೀರಿ ಇದನ್ನ?" ಹೋದ ಮಳೆಗಾಲದಲ್ಲಿ ಅವನೂ ಕಾರ್ಬನ್ ದೋಟಿ ತಂದಿದ್ದಾನೆ. ಮೊನ್ನೆ ಕೇಳಿದ್ದು ಬೇರೆ: "ಭುಜ ನೋಯತ್ತಲ್ಲ ಭಾವ, ನೀವು ಹೆಂಗೆ ಹಿಡೀತೀರಿ ಅದನ್ನ?" ವಿಡಿಯೋ ಕಾಲ್‌ನಲ್ಲಿ ಪೊರಕೆ ಹಿಡಿದು ತೋರಿಸಿದೆ.

ಎಷ್ಟು ವರ್ಷ ಅನ್ನುವುದಕ್ಕೆ ನನ್ನ ಹತ್ತಿರ ಲೆಕ್ಕವಿಲ್ಲ. ಕಳೆದ ವರ್ಷ ಮೂರು ಮಹಡಿಯ ಮನೆಗಳನ್ನು ಬಿಟ್ಟೆ. ಈ ವರ್ಷ ಬುಧವಾರವನ್ನು ಬಿಟ್ಟಿದ್ದೇನೆ.